ಹಳೆಯ ಡೈವ್ ವಾಚು: ಬೆಲೆ ಹೇಳುವ ಡಯಲ್

ನೀರಿನಾಳಕ್ಕೆ ಇಳಿಯುವವರ ಕೈಗಡಿಯಾರವೇ ಡೈವ್ ವಾಚು. ಅದರ ಇಂದಿನ ರೂಪ ನೆಲೆಗೊಂಡದ್ದು 1953ರ ಸುಮಾರಿಗೆ, ಬ್ಲಾಂಪಾನ್‌ನ ಫಿಫ್ಟಿ ಫ್ಯಾದಮ್ಸ್ ಮತ್ತು ರೋಲೆಕ್ಸ್ ಸಬ್‌ಮರಿನರ್‌ಗಳಿಂದ. ಕಪ್ಪು ಡಯಲ್, ಕತ್ತಲಲ್ಲಿ ಹೊಳೆಯುವ ಮುಳ್ಳು, ಮುಳುಗಿ ಎಷ್ಟು ಹೊತ್ತಾಯಿತೆಂದು ತೋರಿಸುವ ತಿರುಗುವ ಬಳೆ ಇದರ ಗುರುತುಗಳು. ಪ್ರತಿ 10 ಮೀಟರ್ ಆಳಕ್ಕೂ ನೀರಿನ ಒತ್ತಡ ಸುಮಾರು ಒಂದು ವಾಯುಭಾರದಷ್ಟು ಏರುತ್ತದೆ. ನೀರು ಒಳನುಗ್ಗದಂತೆ ತಡೆಯುವುದು ರಬ್ಬರ್ ಉಂಗುರ. ಕುಕ್ಕರಿನ ಗ್ಯಾಸ್ಕೆಟ್‌ನಂತೆ ಅದೂ ಕಾಲಕ್ರಮದಲ್ಲಿ ಗಡುಸಾಗುತ್ತದೆ. ಡಯಲ್ ಮೇಲೆ 200 ಮೀಟರ್ ಎಂದಿದ್ದರೂ, ಪರೀಕ್ಷಿಸದ ಹಳೆಯ ವಾಚನ್ನು ನೀರಿಗಿಳಿಸಬಾರದು.

ಸಂಗ್ರಾಹಕರು ಬೆಲೆ ಕಟ್ಟುವುದು ಮುಖ್ಯವಾಗಿ ಡಯಲ್ ನೋಡಿ. ಹೊಳೆಯುವ ಬಣ್ಣದಲ್ಲಿ ಮೊದಲು ಇದ್ದದ್ದು ರೇಡಿಯಂ. ಅದರ ಅರ್ಧಾಯುಷ್ಯ ಸುಮಾರು 1600 ವರ್ಷ. ಅದು ಹೊರಸೂಸುವ ವಿಕಿರಣದ ಏಟಿಗೆ ಬಣ್ಣದೊಳಗಿನ ಸತುವಿನ ಸಲ್ಫೈಡ್ ಸವೆದು ಹೊಳಪು ನಿಲ್ಲುತ್ತದೆ, ವಿಕಿರಣ ಮಾತ್ರ ನಿಲ್ಲುವುದಿಲ್ಲ. ಅಂಥ ಡಯಲ್ಲನ್ನು ಕೆರೆಯುವುದಾಗಲಿ ಊದುವುದಾಗಲಿ ಅಪಾಯ. 1960ರ ದಶಕದಲ್ಲಿ ಆ ಜಾಗಕ್ಕೆ ಟ್ರಿಟಿಯಂ ಬಂತು. ಹಲವು ಸ್ವಿಸ್ ಡಯಲ್‌ಗಳ ತಳದಲ್ಲಿ ಕಾಣುವ ‘ಟಿ’ ಅಕ್ಷರ ಇದರದೇ. ಟ್ರಿಟಿಯಂನ ಅರ್ಧಾಯುಷ್ಯ 12.3 ವರ್ಷ. ಅಂದರೆ 49 ವರ್ಷ ಕಳೆಯುವ ಹೊತ್ತಿಗೆ ಉಳಿಯುವುದು ಹದಿನಾರರಲ್ಲಿ ಒಂದು ಪಾಲು. ಇಂಥ ಡಯಲ್ಲಿಗೆ ಟಾರ್ಚ್ ಬಿಟ್ಟು ಆರಿಸಿದರೆ ಮಂಕಾಗಿ ಮಿನುಗಿ ಬೇಗನೆ ಆರುತ್ತದೆ. 1970ರ ವಾಚೆಂದು ಹೇಳಿದ್ದು ಗಂಟೆಗಟ್ಟಲೆ ಹಸಿರಾಗಿ ಬೆಳಗಿದರೆ, 1990ರ ದಶಕದಲ್ಲಿ ಜಪಾನಿನ ನೆಮೊಟೊ ಕಂಪನಿ ರೂಪಿಸಿದ ವಿಕಿರಣರಹಿತ ಬಣ್ಣವನ್ನೋ ಅಂಥದ್ದನ್ನೋ ಆಮೇಲೆ ಬಳಿದಿದ್ದಾರೆಂದೇ ಅರ್ಥ. ಮುಳ್ಳಿನ ಬಣ್ಣವೂ ಡಯಲ್ಲಿನ ಬಣ್ಣವೂ ಒಂದೇ ಹದದಲ್ಲಿ ಮಾಗಿದ್ದರೆ ಅದು ಶುಭಸೂಚನೆ.

ಕಣ್ಣು ಪಳಗಿಸಿಕೊಳ್ಳಲು ಕನ್ನಡಿಗರಿಗೆ ಹತ್ತಿರವಿರುವುದು ಎಚ್‌ಎಂಟಿ. ಜಪಾನಿನ ಸಿಟಿಜನ್ ಜೊತೆಗೂಡಿ 1961ರಲ್ಲಿ ಬೆಂಗಳೂರಿನ ಜಾಲಹಳ್ಳಿಯಲ್ಲಿ ಈ ವಾಚುಗಳ ತಯಾರಿ ಶುರುವಾಯಿತು. ಮುಂದೆ ತುಮಕೂರಿನಲ್ಲೂ ಕಾರ್ಖಾನೆ ಬಂತು. ಎಚ್‌ಎಂಟಿಯ ವಾಚು ಕಂಪನಿಯನ್ನು ಮುಚ್ಚುವ ತೀರ್ಮಾನವಾದದ್ದು 2016ರಲ್ಲಿ. ಕಪ್ಪು ಡಯಲ್ಲಿನ ಎಚ್‌ಎಂಟಿ ಪೈಲಟ್ ಡೈವ್ ವಾಚಲ್ಲ, ಆದರೆ ಅದರ ಡಯಲ್ಲಿಗೆ ಮತ್ತೆ ಬಣ್ಣ ಬಳಿದು ಮಾರುವುದು ವ್ಯಾಪಕ. ಲೂಪ್ ಎಂಬ ಭೂತಗನ್ನಡಿ ಹಿಡಿದು ನೋಡಿದರೆ ಅಂಥ ಡಯಲ್ಲಿನ ಅಕ್ಷರಗಳ ಅಂಚು ಹರಡಿರುತ್ತದೆ, ನಿಮಿಷದ ಗೆರೆಗಳು ಗಂಟೆಯ ಗುರುತಿಗೆ ನೇರವಾಗಿ ಕೂಡುವುದಿಲ್ಲ.

ಹೊಸದಾಗಿ ಮಿನುಗುವ ಡಯಲ್ಲಿಗಿಂತ ಮಾಸಿದ ಮೂಲ ಡಯಲ್ಲಿಗೇ ಹೆಚ್ಚು ಬೆಲೆ. ಕೊಳ್ಳುವವರು ಮುಚ್ಚಳ ತೆರೆಸಿ ಒಳಗಿನ ಯಂತ್ರವನ್ನು ನೋಡಿದ ಮೇಲೆಯೇ ಹಣ ಕೊಡಬೇಕು.