ಸುಂಕ ಮತ್ತು ಅನಿಶ್ಚಯ: ಅಮೆರಿಕದ ಅನುಭವ

ಸುಂಕದ ದರವು ಹೆಚ್ಚಾಗಿದ್ದರೂ ಸ್ಥಿರವಾಗಿದ್ದಲ್ಲಿ ವರ್ತಕನು ಲೆಕ್ಕ ಹಾಕಬಲ್ಲನು. ನಾಳಿನ ದರವೇ ತಿಳಿಯದಿದ್ದಲ್ಲಿ ಬಂಡವಾಳ ಹೂಡಲು ಹಿಂಜರಿಯುವನು. ಅಮೆರಿಕದ ಸ್ಮೂಟ್–ಹಾಲಿ ಮಸೂದೆಯು 1929ರ ಮೇ ತಿಂಗಳಲ್ಲಿ ಪ್ರತಿನಿಧಿ ಸಭೆಯ ಒಪ್ಪಿಗೆ ಪಡೆದು, 1930ರ ಜೂನ್ 17ರಂದು ಶಾಸನವಾಯಿತು. ನಡುವಣ ಕಾಲವೆಲ್ಲ ದರಗಳು ಚರ್ಚೆಯಲ್ಲಿಯೇ ತೂಗಾಡಿದುವು. ರೈತನ ರಕ್ಷಣೆಗೆಂದು ಹೊರಟ ಈ ಶಾಸನಕ್ಕೆ ಕೆನಡಾ ಮೊದಲಾದ ದೇಶಗಳು ಪ್ರತಿಸುಂಕದಿಂದ ಉತ್ತರವಿತ್ತುವು. 1929ರಿಂದ 1932ರೊಳಗೆ ಅಮೆರಿಕದ ರಫ್ತಿನ ಮೌಲ್ಯವು ಸುಮಾರು ಮೂರರಲ್ಲಿ ಎರಡು ಪಾಲು ಕುಸಿಯಿತು. ಇದಕ್ಕೆ ಸುಂಕವೊಂದೇ ಕಾರಣವೆನ್ನಲಾಗದು. ಬೆಲೆಗಳ ಇಳಿತವೂ ಬೇಡಿಕೆಯ ಕ್ಷಯವೂ ಹೆಚ್ಚಿನ ಕಾರಣಗಳು. ಆದರೆ ಹೊರಮಾರುಕಟ್ಟೆಯನ್ನು ನಂಬಿದ್ದ ಹತ್ತಿ, ಗೋಧಿಗಳ ಬೆಳೆಗಾರನಿಗೆ ಸುಂಕದ ಗೋಡೆಯು ಆಸರೆಯಾಗಲಿಲ್ಲವೆಂಬುದು ಸ್ಪಷ್ಟ. 2025ರ ಏಪ್ರಿಲ್ 2ರಂದು ಘೋಷಿತವಾದ ದೇಶವಾರು ಸುಂಕಗಳನ್ನು ಒಂದೇ ವಾರದಲ್ಲಿ ಬಹುಮಟ್ಟಿಗೆ ತಡೆಹಿಡಿದಾಗ ವರ್ತಕನ ಮುಂದೆ ನಿಂತುದೂ ನಾಳಿನ ದರವೇನೆಂಬ ಹಳೆಯ ಪ್ರಶ್ನೆಯೇ.