ಗಲಗಲಿಯಿಂದ ಬಾದಾಮಿ ಗುಡ್ಡಕ್ಕೆ: ಗಾಡಿ, ಗೈಡು, ರೊಟ್ಟಿಯೂಟ

ಗಲಗಲಿ ಹೊಳೆಸಾಲಿನ ಊರು. ಕೃಷ್ಣೆಯ ದಂಡೆ, ಸುತ್ತಲೂ ಕಬ್ಬು, ಚಳಿಗಾಲ ಬಂತೆಂದರೆ ರಸ್ತೆ ತುಂಬ ಕಬ್ಬಿನ ಟ್ರ್ಯಾಕ್ಟರು. ಬೆಂಗಳೂರು, ಪುಣೆಯಿಂದ ಮಕ್ಕಳು ಮೊಮ್ಮಕ್ಕಳು ರಜೆಗೆ ಬಂದಾಗ ಹೊಳೆ ತೋರಿಸಿ, ಗುಡಿ ತೋರಿಸಿ ಆದಮೇಲೆ ‘ಎಲ್ಲಿಗಾದರೂ ಹೋಗಿ ಬರೋಣ’ ಎಂಬ ಮಾತು ಬಂದೇ ಬರುತ್ತದೆ. ಮನೆಯವರೆಲ್ಲ ಹೇಳುವ ಹೆಸರು ಬಾದಾಮಿ. ಗಾಡಿಯವನಿಗೆ ಫೋನು ಮಾಡಿದರೆ ಅವನ ಉತ್ತರವೂ ಸಿದ್ಧ: “ಬಾದಾಮಿ, ಪಟ್ಟದಕಲ್ಲು, ಐಹೊಳಿ, ಬರೋವಾಗ ಕೂಡಲಸಂಗಮ. ಒಂದ ದಿನದಾಗ ಎಲ್ಲಾ ಮುಗಿಸಿಬಿಡೂಣ್ರಿ.”

ಮುಗಿಸಬಹುದು, ಸುಳ್ಳಲ್ಲ. ಆದರೆ ಮುಗಿಸುವುದಷ್ಟೇ ಆಗುತ್ತದೆ. ಗಾಡಿ ನಿಂತಲ್ಲಿ ಇಳಿ, ಫೋಟೊ ತೆಗೆ, ಹತ್ತು. ಬಾದಾಮಿಗೆ ಹೋಗುವುದು ಗುಡ್ಡ ನೋಡಲು ಎಂದಾದರೆ ದಿನವನ್ನು ಗುಡ್ಡಕ್ಕೇ ಕೊಡಬೇಕು. ಪಟ್ಟದಕಲ್ಲು ಮಲಪ್ರಭೆಯ ದಂಡೆಯ ಸಮತಟ್ಟು ಜಾಗ. ವಿಶ್ವ ಪರಂಪರೆಯ ಪಟ್ಟಿಗೆ 1987ರಲ್ಲೇ ಸೇರಿದ ತಾಣ, ದೊಡ್ಡದು, ಅದಕ್ಕೇ ಅರ್ಧ ದಿನ ಬೇಕು. ಹಾಗಾಗಿ ಈ ಲೇಖನದ ಯೋಜನೆಯಲ್ಲಿ ಪಟ್ಟದಕಲ್ಲೂ ಇಲ್ಲ, ಐಹೊಳೆಯೂ ಇಲ್ಲ. ಇರುವುದು ಬಾದಾಮಿಯ ಎರಡು ಗುಡ್ಡ, ನಡುವಿನ ಕೆರೆ, ಬನಶಂಕರಿಯ ಊಟ ಮತ್ತು ಮಹಾಕೂಟದ ಪುಷ್ಕರಣಿ.

ಮೊದಲು ಗಾಡಿಯ ಲೆಕ್ಕ. ಬೀಳಗಿ, ಅನಗವಾಡಿ, ಗದ್ದನಕೇರಿ ಕ್ರಾಸ್, ಕೆರೂರು ದಾಟಿ ಬಾದಾಮಿಗೆ ನೂರು ಕಿಲೋಮೀಟರಿನ ಆಸುಪಾಸು. ಅನಗವಾಡಿಯಲ್ಲಿ ಘಟಪ್ರಭೆ ದಾಟುತ್ತೀರಿ. ಕೆರೂರಿನ ತನಕ ಹುಬ್ಬಳ್ಳಿ–ವಿಜಯಪುರ ಹೆದ್ದಾರಿ, ಆಮೇಲೆ ಎಡಕ್ಕೆ ಹೊರಳಿದರೆ ಬಾದಾಮಿಯ ದಾರಿ. ಎರಡೂವರೆ ತಾಸು ಹಿಡಿಯಿರಿ. ಹೋಗಿ ಬರುವ ಇನ್ನೂರಕ್ಕೆ ಬನಶಂಕರಿ, ಮಹಾಕೂಟದ ಓಡಾಟ ಸೇರಿಸಿದರೆ ಒಟ್ಟು ಇನ್ನೂರ ನಲವತ್ತರ ಹತ್ತಿರ ಬರುತ್ತದೆ. ಇದು ಯಾಕೆ ಮುಖ್ಯವೆಂದರೆ, ಹೊರಗಿನ ಬಾಡಿಗೆಗೆ ಗಾಡಿಯವರು ಸಾಮಾನ್ಯವಾಗಿ ದಿನಕ್ಕೆ ಕನಿಷ್ಠ 250 ಇಲ್ಲವೆ 300 ಕಿಲೋಮೀಟರಿನ ದುಡ್ಡು ಹಿಡಿಯುತ್ತಾರೆ. ನೀವು ಓಡಿಸಿದ್ದು ಕಡಿಮೆಯಾದರೂ ಕೊಡುವುದು ಅಷ್ಟೇ. ಕನಿಷ್ಠ 250 ಎಂದು ಒಪ್ಪಿಸಿಕೊಂಡರೆ ನಮ್ಮ ದಾರಿ ಅದರೊಳಗೇ ಕೂರುತ್ತದೆ. ಉದಾಹರಣೆಗೆ ಕಿಲೋಮೀಟರಿಗೆ 14 ರೂಪಾಯಿ ಅಂದರೆ 3,500. ಆರು ಜನ ಹಂಚಿಕೊಂಡರೆ ತಲೆಗೆ ಆರುನೂರರೊಳಗೆ. ಡ್ರೈವರ್ ಭತ್ಯೆ, ಪಾರ್ಕಿಂಗು, ಟೋಲು ಬಂದರೆ ಅದು, ಎಲ್ಲ ಬೇರೆ. ಅವನ್ನೂ ಹಿಂದಿನ ದಿನವೇ ಬಾಯಿಬಿಟ್ಟು ಕೇಳಿಬಿಡಿ. ಕಿಲೋಮೀಟರ್ ಎಲ್ಲಿಂದ ಎಣಿಸುತ್ತಾರೆ ಎಂದೂ ಕೇಳಿ. ಗಾಡಿ ಜಮಖಂಡಿಯದೋ ಮುಧೋಳದ್ದೋ ಆಗಿದ್ದರೆ ಅಲ್ಲಿಂದ ನಿಮ್ಮೂರಿಗೆ ಬಂದು ಹೋಗುವುದೂ ಲೆಕ್ಕಕ್ಕೆ ಸೇರುತ್ತದೆ.

ಇನ್ನೊಂದು ಮಾತು. ನೆಂಟರ ಪೈಕಿ ಯಾರದೋ ಬಿಳಿ ಬೋರ್ಡಿನ ಗಾಡಿಯನ್ನು ಬಾಡಿಗೆಗೆ ಹಿಡಿಯುವುದು ನಮ್ಮಲ್ಲಿ ರೂಢಿ. ಅದು ಅಗ್ಗ, ನಿಜ. ಆದರೆ ಸ್ವಂತ ಬಳಕೆಯ ಗಾಡಿಯನ್ನು ಬಾಡಿಗೆಗೆ ಓಡಿಸಿದಾಗ ಅಪಘಾತವಾದರೆ ವಿಮೆಯವರು ಪರಿಹಾರ ಕೊಡಲು ತಕರಾರು ತೆಗೆಯುತ್ತಾರೆ. ಹಳದಿ ಬೋರ್ಡಿನದನ್ನೇ ಹಿಡಿಯಿರಿ. ಹತ್ತು ಹನ್ನೆರಡು ಮಂದಿ ಇದ್ದರೆ ಕ್ರೂಸರ್ ಸಾಕು.

ಬೆಳಿಗ್ಗೆ ಆರಕ್ಕೆ ಬಿಡಬೇಕು. ಏಳಕ್ಕೆ ಬಿಟ್ಟರೆ ಗುಡ್ಡದ ಮೇಲೆ ಬಿಸಿಲು ನಿಮಗಿಂತ ಮೊದಲೇ ಕೂತಿರುತ್ತದೆ. ಬಾದಾಮಿಯ ಕೆಂಪು ಮರಳುಗಲ್ಲು ಹತ್ತೂವರೆಯ ಮೇಲೆ ಕಾಯತೊಡಗಿದರೆ ಬರಿಗಾಲು ಇಡಲಾಗದು. ಎಂಟೂವರೆಗೆ ಮುಟ್ಟಿ, ಬಸ್‌ಸ್ಟ್ಯಾಂಡಿನ ಹತ್ತಿರ ಉಪ್ಪಿಟ್ಟೋ ಸುಸಲವೋ ತಿಂದು, ಮೆಣಸಿನಕಾಯಿ ಬಜಿ ಬೇಕೆನಿಸಿದರೆ ಅದನ್ನೂ ಅಲ್ಲೇ ಮುಗಿಸಿಬಿಡಿ. ಗುಡ್ಡಕ್ಕೆ ತಿಂಡಿ ಒಯ್ಯುವಂತಿಲ್ಲ. ಕಾನೂನಿಗಿಂತ ಹೆಚ್ಚಾಗಿ ಮಂಗಗಳ ದೆಸೆಯಿಂದ. ಪ್ಲಾಸ್ಟಿಕ್ ಚೀಲದ ಸಪ್ಪಳ ಕೇಳಿದರೆ ಸಾಕು, ಕೈಯಿಂದಲೇ ಕಿತ್ತುಕೊಂಡು ಹೋಗುತ್ತವೆ. ಜಿಪ್ ಇರುವ ಬೆನ್ನಚೀಲ, ಅದರೊಳಗೆ ನೀರು, ಅಷ್ಟು ಸಾಕು.

ಗೈಡು ಬೇಕೇ? ಬೇಕು, ಆದರೆ ಇಡೀ ದಿನಕ್ಕಲ್ಲ. ಮೇಣಬಸದಿಯ, ಅಂದರೆ ಗುಹಾಲಯಗಳ, ಟಿಕೆಟ್ ಕೌಂಟರಿನ ಬಳಿ ಗೈಡುಗಳು ಸಿಗುತ್ತಾರೆ. ಪ್ರವಾಸೋದ್ಯಮ ಇಲಾಖೆಯ ಗುರುತಿನ ಚೀಟಿ ಇದ್ದವರನ್ನು ಆರಿಸಿಕೊಳ್ಳಿ. ಮಾತು ಶುರುವಾಗುವ ಮೊದಲೇ ಎಷ್ಟು ಹೊತ್ತು, ಎಲ್ಲೆಲ್ಲಿ, ಎಷ್ಟು ದುಡ್ಡು ಎಂದು ಮೂರನ್ನೂ ಗಟ್ಟಿ ಮಾಡಿಕೊಳ್ಳಿ. ಒಂಬತ್ತರಿಂದ ಹನ್ನೆರಡೂವರೆವರೆಗಿನ ಅರ್ಧ ದಿನ ಸಾಕು. ಬನಶಂಕರಿಗೆ, ಮಹಾಕೂಟಕ್ಕೆ ಗೈಡಿನ ಅಗತ್ಯವಿಲ್ಲ. ಒಳ್ಳೆಯ ಗೈಡು ಯಾರೆಂದು ಗುರುತಿಸಲು ನನ್ನದೊಂದು ಉಪಾಯ: “ಕಪ್ಪೆ ಅರಭಟ್ಟನ ಶಾಸನ ತೋರಿಸ್ತೀರೇನ್ರಿ?” ಎಂದು ಕೇಳುವುದು. ಕೆರೆಯ ಈಶಾನ್ಯ ದಿಕ್ಕಿನ ಬಂಡೆಯ ಮೇಲೆ, ಸುಮಾರು ಕ್ರಿ.ಶ. 700ರ ಹೊತ್ತಿಗೆ ಕೊರೆದ ಶಾಸನ ಅದು. ಕನ್ನಡದಲ್ಲಿ ಈವರೆಗೆ ಸಿಕ್ಕ ಅತಿ ಹಳೆಯ ತ್ರಿಪದಿಗಳು ಅದರಲ್ಲಿವೆ. ಗರತಿಯರು ಬೀಸುಕಲ್ಲಿನ ಮುಂದೆ ಹಾಡುವ ಮೂರು ಸಾಲಿನ ಹಾಡಿಗೆ ಸಾವಿರದ ಮುನ್ನೂರು ವರ್ಷದ ಸಾಕ್ಷಿ. “ಅಲ್ಲೇನ್ ಐತ್ರಿ, ಬರೇ ಬಂಡಿ” ಎನ್ನುವವರನ್ನು ಬಿಟ್ಟು ಮುಂದಿನವರನ್ನು ಕೇಳಿ.

ಮೊದಲು ಉತ್ತರದ ಗುಡ್ಡ. ಊರವರು ಬಾವನಬಂಡೆ ಕೋಟೆ ಎನ್ನುತ್ತಾರೆ. ಪುರಾತತ್ವ ಇಲಾಖೆಯ ವಸ್ತುಸಂಗ್ರಹಾಲಯದ ಪಕ್ಕದಿಂದ ದಾರಿ ಏರುತ್ತದೆ. ಹತ್ತುವ ದಾರಿಯೇ ಇಲ್ಲಿನ ಸೊಗಸು. ಎರಡು ಬಂಡೆಗಳ ನಡುವಿನ ಇಕ್ಕಟ್ಟಿನಲ್ಲಿ ನಡೆಯುವಾಗ ತಲೆಯೆತ್ತಿದರೆ ಆಕಾಶ ಒಂದು ಗೇಣು ಕಾಣುತ್ತದೆ. ಕೈಯಿಟ್ಟು ನೋಡಿ, ಕಲ್ಲು ಪದರ ಪದರವಾಗಿ ಅಡ್ಡಡ್ಡ ಕೂತಿದೆ. ಉಜ್ಜಿದರೆ ಬೆರಳಿಗೆ ಮರಳು ಹತ್ತುತ್ತದೆ. ಇದೇ ಮರಳು ಮಳೆಗಾಲದಲ್ಲಿ ಮೆಟ್ಟಿಲ ಮೇಲೆ ಹರಡಿ ಜಾರಿಸುತ್ತದೆ, ಚಪ್ಪಲಿಗಿಂತ ಹಿಡಿತವಿರುವ ಬೂಟು ಒಳ್ಳೆಯದು. ಮೇಲೆ ಕೆಳಗಿನ ಶಿವಾಲಯ, ಮೇಲಿನ ಶಿವಾಲಯ, ಕಾವಲು ಬುರುಜು, ಕಣಜಗಳಿವೆ. ಚಾಲುಕ್ಯ ದೊರೆ ಒಂದನೇ ಪುಲಿಕೇಶಿ ಈ ಗುಡ್ಡವನ್ನು ಕೋಟೆ ಮಾಡಿದ್ದು ಕ್ರಿ.ಶ. 543ರಲ್ಲಿ. ಹಾಗೆಂದು ಇದೇ ಗುಡ್ಡದ ಬಂಡೆಯ ಶಾಸನ ಹೇಳುತ್ತದೆ. ತುದಿಯಿಂದ ಕೆರೆ, ಎದುರಿನ ಗುಹೆಗಳು, ಊರಿನ ಮಾಳಿಗೆಗಳು ಒಟ್ಟಿಗೇ ಕಾಣುತ್ತವೆ. ರಾಜಧಾನಿಗೆ ಇದೇ ಜಾಗ ಯಾಕೆ ಎಂಬುದಕ್ಕೆ ಅಲ್ಲಿ ಉತ್ತರ ಸಿಗುತ್ತದೆ: ಮೂರು ಕಡೆ ಕಡಿದಾದ ಬಂಡೆ, ನಡುವೆ ನೀರು. ಆದರೂ 642ರಲ್ಲಿ ಪಲ್ಲವರ ನರಸಿಂಹವರ್ಮ ಇದನ್ನು ಹಿಡಿದ ಎಂಬುದನ್ನು ಗೈಡು ಹೇಳದಿದ್ದರೆ ನೀವೇ ಕೇಳಿ. ಸೋಲಿನ ಕಥೆಯನ್ನು ಹೇಳಲು ಹಲವರಿಗೆ ಮನಸ್ಸಿಲ್ಲ.

ಇಳಿದ ಮೇಲೆ ದಕ್ಷಿಣದ ಗುಡ್ಡದ ಮೇಣಬಸದಿ. ಬಿಸಿಲೇರಿದ ಹೊತ್ತಿಗೆ ಗುಹೆಗೆ ಬರುವುದೇ ಜಾಣತನ, ಒಳಗೆ ತಂಪು. ಭಾರತೀಯರಿಗೆ ಟಿಕೆಟ್ 25 ರೂಪಾಯಿ, 15 ವರ್ಷದೊಳಗಿನ ಮಕ್ಕಳಿಗೆ ಇಲ್ಲ. ನಾಲ್ಕು ಗುಹೆಗಳಲ್ಲಿ ಮೊದಲನೆಯದರ ಹದಿನೆಂಟು ಕೈಗಳ ನಟರಾಜನ ಮುಂದೆ ಎಲ್ಲ ಗೈಡುಗಳೂ ಹೆಚ್ಚು ಹೊತ್ತು ನಿಲ್ಲಿಸುತ್ತಾರೆ. ಎರಡೆರಡು ಕೈಯಾಗಿ ಆಯ್ದು ನೋಡಿದರೆ ಒಂದೊಂದೂ ನಾಟ್ಯದ ಒಂದೊಂದು ಭಂಗಿ ಎಂದು ತೋರಿಸುತ್ತಾರೆ. ಅದು ಸರಿ. ಆದರೆ ಉಸಿರು, ಕಾಲು, ಸಮಯ ಮೂರನ್ನೂ ಮೂರನೆಯ ಗುಹೆಗೆ ಉಳಿಸಿಕೊಳ್ಳಿ. ನಾಲ್ಕರಲ್ಲಿ ಅದೇ ದೊಡ್ಡದು, ಅದಕ್ಕೆ ತಾರೀಖೂ ಇದೆ: ಶಕ 500, ಅಂದರೆ ಕ್ರಿ.ಶ. 578, ಮಾಡಿಸಿದವನು ಚಾಲುಕ್ಯರ ಮಂಗಲೇಶ. ಶೇಷನ ಮೇಲೆ ಕೂತ ವಿಷ್ಣು, ವರಾಹ, ತ್ರಿವಿಕ್ರಮ ಎಲ್ಲ ಆಳೆತ್ತರಕ್ಕೂ ಮಿಕ್ಕಿದವು. ಕಂಬಗಳ ಮೇಲ್ತುದಿಯ ಜೋಡಿಗಳನ್ನು ಬಿಡದೆ ನೋಡಿ. ಮರದ ಕೆಳಗೆ ಒರಗಿ ನಿಂತ ಗಂಡು ಹೆಣ್ಣುಗಳ ಮೈಮಾಟವನ್ನು ಕಲ್ಲಿನಲ್ಲಿ ಹೀಗೆ ತಂದವರು ಶಾಸ್ತ್ರ ಓದಿಯಷ್ಟೇ ಕೆತ್ತಿದವರಲ್ಲ. ನಾಲ್ಕನೆಯದು ಜೈನರದು, ಚಿಕ್ಕದು, ಕೆರೆಯ ನೋಟ ಚೆನ್ನಾಗಿ ಸಿಗುವುದು ಅಲ್ಲಿಂದ.

ಇಲ್ಲಿಗೆ ಗೈಡಿನ ದುಡ್ಡು ಕೊಟ್ಟು ಬೀಳ್ಕೊಡಬಹುದು. ಬೆಟ್ಟ ಸುತ್ತುವ ಹುಡುಗರಿದ್ದರೆ ಮಾತ್ರ ಇನ್ನೊಂದು ದಾರಿಯಿದೆ. ಬಾದಾಮಿಯಿಂದ ಕುರುಚಲು ಕಾಡಿನಲ್ಲಿ ಸುಮಾರು ನಾಲ್ಕು ಕಿಲೋಮೀಟರು ನಡೆದರೆ ಸಿಡಿಲಪಡಿ. ಕಮಾನಿನಂತೆ ಬಾಗಿದ ಬಂಡೆ, ಅದರಲ್ಲಿ ತೂತು, ಗೋಡೆಯ ಮೇಲೆ ಇತಿಹಾಸಪೂರ್ವ ಕಾಲದವರು ಬರೆದ ಚಿತ್ರಗಳು. ಅಲ್ಲಿಗೆ ಬೋರ್ಡು ನಂಬಿ ಹೋಗಬೇಡಿ, ದಾರಿ ಬಲ್ಲ ಸ್ಥಳೀಯರು ಜೊತೆಗಿರಲೇಬೇಕು. ಅದನ್ನು ಸೇರಿಸಿದರೆ ಉತ್ತರದ ಗುಡ್ಡ ಬಿಡಬೇಕಾಗುತ್ತದೆ. ಎರಡೂ ಒಂದೇ ಬೆಳಗಿನಲ್ಲಿ ಆಗುವುದಿಲ್ಲ.

ಈಗ ಊಟ. ಬಾದಾಮಿಯಲ್ಲಿ ಹೋಟೆಲುಗಳಿಗೆ ಬರವಿಲ್ಲ, ಆದರೆ ಮಧ್ಯಾಹ್ನದ ಊಟಕ್ಕೆ ಐದು ಕಿಲೋಮೀಟರು ದೂರದ ಬನಶಂಕರಿಗೇ ಹೋಗಬೇಕು. ಗುಡಿಯ ಮುಂದಿನ ಹರಿದ್ರಾ ತೀರ್ಥದ ಸುತ್ತ, ಮರದ ನೆರಳಲ್ಲಿ, ಕಲ್ಲಿನ ಮಂಟಪದಲ್ಲಿ ರೊಟ್ಟಿ ಬುಟ್ಟಿ ಇಟ್ಟುಕೊಂಡ ಹೆಣ್ಣುಮಕ್ಕಳು ಕೂತಿರುತ್ತಾರೆ. ಸುತ್ತಲಿನ ಹಳ್ಳಿಯವರು. ನಸುಕಿನಲ್ಲೆದ್ದು ಮನೆಯಲ್ಲೇ ರೊಟ್ಟಿ ಬಡಿದು, ಪಲ್ಯ ಮಾಡಿ, ಬುಟ್ಟಿ ಹೊತ್ತು ತರುತ್ತಾರೆ. ನಿಮ್ಮನ್ನು ಕಂಡೊಡನೆ, “ಬರ್ರಿ ಯಣ್ಣಾ, ಉಣ್ಣಬರ್ರಿ, ರೊಟ್ಟಿ ಮೆತ್ತಗ ಅದಾವು” ಎಂದು ಕರೆಯುತ್ತಾರೆ. ನೀವು ಕೂತ ಮೇಲೆ ಸಾಲಾಗಿ ಬೀಳುತ್ತವೆ: ಜೋಳದ ರೊಟ್ಟಿ, ಎಣ್ಣೆಗಾಯಿ, ಮಡಕೆ ಕಾಳಿನ ಪಲ್ಯ, ಕೆಂಪು ಚಟ್ನಿ, ಶೇಂಗಾ ಹಿಂಡಿ, ಗುರೆಳ್ಳು ಪುಡಿ, ಹಸಿ ಉಳ್ಳಾಗಡ್ಡಿ, ಪುಟ್ಟ ಮಣ್ಣಿನ ಗಡಿಗೆಯಲ್ಲಿ ಮೊಸರು. ಗಡಿಗೆಯನ್ನು ಬೋರಲು ಹಾಕಿದರೂ ಬೀಳದಷ್ಟು ಗಟ್ಟಿಯಿದ್ದರೆ ನಿಮ್ಮ ಅದೃಷ್ಟ. ಕೆಂಪು ಚಟ್ನಿಗೆ ಮೊಸರು ಕಲಸಿಕೊಳ್ಳದೆ ಕೈಹಾಕಬೇಡಿ, ಬೆಂಗಳೂರಿನ ಮೊಮ್ಮಕ್ಕಳಿಗಂತೂ ಮೊದಲೇ ಹೇಳಿಡಿ.

ಕೆಲವು ಸೂಕ್ಷ್ಮಗಳಿವೆ. ಒಂದು ಗಂಟೆಯೊಳಗೆ ಹೋಗಿ, ಬುಟ್ಟಿ ಖಾಲಿಯಾದರೆ ಮತ್ತೆ ತುಂಬುವುದಿಲ್ಲ. ಊಟಕ್ಕೆಷ್ಟು, ಮೊಸರು ಅದರಲ್ಲಿ ಸೇರಿದೆಯೇ ಎಂದು ಕೂರುವ ಮೊದಲೇ ಕೇಳಿ. ಹತ್ತು ಇಪ್ಪತ್ತರ ಚಿಲ್ಲರೆ ಇರಲಿ. ಚೌಕಾಸಿ ಬೇಡ. ನಾಲ್ಕು ಗಂಟೆಗೆ ಎದ್ದು ಬಡಿದ ರೊಟ್ಟಿಗೆ ಐದು ರೂಪಾಯಿ ಇಳಿಸಿ ಗೆದ್ದೆವೆಂದುಕೊಳ್ಳುವುದು ಚಂದವಲ್ಲ. ಕಲ್ಲು, ಧೂಳು, ಉಂಡ ಎಲೆ ಎಂದು ಮೂಗು ಮುರಿಯುವವರು ಹೋಟೆಲಿಗೆ ಹೋಗಲಿ, ಅಲ್ಲೂ ರೊಟ್ಟಿಯೂಟ ಸಿಗುತ್ತದೆ. ರುಚಿ ಮಾತ್ರ ಬೇರೆ.

ಉಂಡ ಹೊಟ್ಟೆಗೆ ಮತ್ತೆ ಗುಡ್ಡ ಬೇಡ. ಮಹಾಕೂಟಕ್ಕೆ ಗಾಡಿ ಹೊರಡಿಸಿ, ಬಾದಾಮಿಯಿಂದ ಸುಮಾರು ಹದಿನಾಲ್ಕು ಕಿಲೋಮೀಟರು. ಗುಡ್ಡಗಳ ಮಡಿಲಲ್ಲಿ ದೊಡ್ಡ ಮರಗಳ ಕೆಳಗೆ ಗುಡಿಗಳ ಗುಂಪು, ನಡುವೆ ಒರತೆಯ ನೀರು ತುಂಬಿದ ಪುಷ್ಕರಣಿ. ಮಕ್ಕಳು ಇಳಿದರೆ ಮೇಲೆ ಬರುವುದಿಲ್ಲ, ಇನ್ನೊಂದು ಜೊತೆ ಬಟ್ಟೆ ತಂದಿರಬೇಕು. ಈಜು ಬರದವರು ಮೆಟ್ಟಿಲು ಬಿಡಬಾರದು. ಇಲ್ಲಿ ನಿಂತಿದ್ದ ಮಂಗಲೇಶನ ಕಾಲದ ಶಾಸನ ಸ್ತಂಭ ಈಗ ವಿಜಯಪುರದ ಗೋಳಗುಮ್ಮಟದ ವಸ್ತುಸಂಗ್ರಹಾಲಯದಲ್ಲಿದೆ, ಹುಡುಕಿ ದಣಿಯಬೇಡಿ. ಗಾಡಿ ಬಾಡಿಗೆಗೆ ಹಿಡಿದ ಲಾಭ ಇಲ್ಲೊಂದಿದೆ. ಬಾದಾಮಿಯಿಂದ ಮಹಾಕೂಟಕ್ಕೆ ಗುಡ್ಡದ ಮೇಲಿನಿಂದ ಹಳೆಯ ಕಾಲುದಾರಿ ಇದೆ. ಚಳಿಗಾಲದಲ್ಲಿ ಗಟ್ಟಿಗರು ದಾರಿ ಬಲ್ಲವರೊಂದಿಗೆ ನಡೆದು ಬರಬಹುದು, ಗಾಡಿ ಉಳಿದವರನ್ನು ಕರೆದುಕೊಂಡು ಮುಂದೆ ಹೋಗಿ ಕಾಯುತ್ತದೆ.

ನಾಲ್ಕೂವರೆಗೆ ಮತ್ತೆ ಬಾದಾಮಿ. ಗುಡ್ಡಗಳ ನಡುವಿನ ಕೆರೆ, ಅಗಸ್ತ್ಯ ತೀರ್ಥದ ಪೂರ್ವದ ತುದಿಯಲ್ಲಿ ಭೂತನಾಥನ ಗುಡಿ ಪಶ್ಚಿಮಕ್ಕೆ ಮುಖ ಮಾಡಿ ನೀರಿಗೇ ಕಾಲಿಟ್ಟಂತಿದೆ. ಹಿಂದಿನ ಬಂಡೆಯ ಮೇಲೆ ಇಳಿಬಿಸಿಲು ಬೀಳುವುದು ಈ ಹೊತ್ತಿಗೇ. ಬೆಳಿಗ್ಗೆ ಇಲ್ಲಿಗೆ ಬಂದವರಿಗೆ ಕಣ್ಣಿಗೆ ಸೂರ್ಯ ಕುಕ್ಕುತ್ತಾನೆ, ಬಂಡೆ ಕಪ್ಪಾಗಿ ಕಾಣುತ್ತದೆ. ಮಳೆಗಾಲದಲ್ಲಾದರೆ ಪಕ್ಕದ ಬಂಡೆಯಿಂದ ಅಕ್ಕ ತಂಗಿ ಜಲಪಾತ ಧುಮುಕುತ್ತದೆ, ಮಳೆ ನಿಂತ ಕೆಲವೇ ಹೊತ್ತಿನಲ್ಲಿ ಬತ್ತುತ್ತದೆ. ಆರಕ್ಕೆ ಹೊರಟರೆ ಎಂಟೂವರೆಗೆ ಗಲಗಲಿ. ಹಿಂದಿರುಗುವಾಗ ಗುಳೇದಗುಡ್ಡದ ಮೇಲೆ ಬಂದು ಕುಪ್ಪಸದ ಖಣ ಕೊಳ್ಳುವ ಆಸೆಯಿದ್ದರೆ ಅರ್ಧ ತಾಸು ಮೊದಲೇ ಹೊರಡಿ.

ದಿನ ಆರಿಸುವಾಗ ಎರಡು ನೆನಪಿರಲಿ. ಶುಕ್ರವಾರ ವಸ್ತುಸಂಗ್ರಹಾಲಯಕ್ಕೆ ರಜೆ. ಬನದ ಹುಣ್ಣಿಮೆಯ ಸುಮಾರಿಗೆ, ಸಾಮಾನ್ಯವಾಗಿ ಜನವರಿಯಲ್ಲಿ, ಬನಶಂಕರಿ ಜಾತ್ರೆ. ನಾಟಕ ಕಂಪನಿಗಳ ತಂಬು, ಬೆಂಡು ಬತ್ತಾಸು, ದನದ ಸಂತೆ ಎಲ್ಲ ಸೇರಿ ರಸ್ತೆಯೇ ತುಂಬಿರುತ್ತದೆ. ಆಗ ಹೋಗುವುದಾದರೆ ಜಾತ್ರೆಗೆಂದೇ ಹೋಗಿ, ಗುಡ್ಡದ ಯೋಜನೆ ಕೈಬಿಡಿ. ಏಪ್ರಿಲ್, ಮೇ ತಿಂಗಳಲ್ಲಿ ಹೋಗಲೇಬೇಡಿ. ಅಕ್ಟೋಬರಿನಿಂದ ಫೆಬ್ರುವರಿಯವರೆಗಿನ ಯಾವ ವಾರದ ದಿನವಾದರೂ ಸರಿ.

ಪಟ್ಟದಕಲ್ಲು, ಐಹೊಳೆಗೆ ಬೇರೆಯೇ ಒಂದು ದಿನ ಇಡಿ. ಐಹೊಳೆಯ ಮೇಗುಟಿ ಗುಡ್ಡವನ್ನು ಬಿಟ್ಟರೆ ಅಲ್ಲಿ ಹತ್ತುವ ಕೆಲಸ ಕಡಿಮೆ, ಮೊಣಕಾಲು ನೋವಿನ ಅಜ್ಜ ಅಜ್ಜಿಯರನ್ನೂ ಕರೆದುಕೊಂಡು ಹೋಗಬಹುದು.