ಓಬರ್ನ್‌ಡಾರ್ಫ್‌ನ ಉಕ್ಕು, ಲಂಡನ್ನಿನ ಕೈಗೆಲಸ

ನೇಪಾಳ ಮತ್ತು ಕುಮಾವೂಂ ಬೆಟ್ಟಗಳಲ್ಲಿ 436 ಜನರನ್ನು ಕೊಂದಿತೆಂದು ಲೆಕ್ಕ ಸಿಕ್ಕಿದ್ದ ಚಂಪಾವತದ ಹೆಣ್ಣುಹುಲಿಯನ್ನು ಜಿಮ್ ಕಾರ್ಬೆಟ್ ಹೊಡೆದದ್ದು 1907ರಲ್ಲಿ. ಅದಕ್ಕೆ ಮೆಚ್ಚಿ ಸಂಯುಕ್ತ ಪ್ರಾಂತ್ಯದ ಲೆಫ್ಟಿನೆಂಟ್ ಗವರ್ನರ್ ಸರ್ ಜಾನ್ ಹ್ಯೂವೆಟ್ ಕಾರ್ಬೆಟ್ಟರಿಗೊಂದು ರೈಫಲ್ ಕೊಟ್ಟರು. ಹಿಡಿಯ ಮರದಲ್ಲಿ ಕೂರಿಸಿದ ಬೆಳ್ಳಿ ತಗಡಿನ ಮೇಲೆ ಆ ಸಂಗತಿ ಕೆತ್ತಿದೆ. ಲಂಡನ್ನಿನ ಜಾನ್ ರಿಗ್ಬಿ ಕಂಪನಿಯ .275 ರೈಫಲ್ ಅದು. 1926ರಲ್ಲಿ ರುದ್ರಪ್ರಯಾಗದ ನರಭಕ್ಷಕ ಚಿರತೆಯನ್ನು ಉರುಳಿಸಿದ್ದೂ ಅದೇ. ಕಾರ್ಬೆಟ್ ಕಾಲಾನಂತರ ಅವರ ಪ್ರಕಾಶಕರಾದ ಆಕ್ಸ್‌ಫರ್ಡ್ ಯೂನಿವರ್ಸಿಟಿ ಪ್ರೆಸ್‌ನವರ ಬಳಿ ಇದ್ದು, ಕೊನೆಗೆ ಮಾಡಿದವರ ಕೈಗೇ ಮರಳಿತು.

ಬೇಟೆಯ ರೈಫಲ್ ಬಗ್ಗೆ ಮಾತೆತ್ತಿದಲ್ಲೆಲ್ಲ ಒಂದು ಹಳೆಯ ವಾದ ಏಳುತ್ತದೆ. ಕಾರ್ಖಾನೆಯಿಂದ ಸಾವಿರಗಟ್ಟಲೆ ಹೊರಬರುವುದು ಮೇಲೋ, ಗನ್‌ಸ್ಮಿತ್ ತಿಂಗಳುಗಟ್ಟಲೆ ಕೂತು ಒಬ್ಬರಿಗೆಂದೇ ಮಾಡಿಕೊಟ್ಟದ್ದು ಮೇಲೋ? ಕಾರ್ಬೆಟ್ಟರ ರೈಫಲನ್ನು ಎರಡು ಪಕ್ಷದವರೂ ತಮ್ಮದೆನ್ನಬಹುದು. ತೋಟಾವನ್ನು ಒಳಗೆ ತಳ್ಳಿ, ಬಿಗಿದು, ಸಿಡಿಸಿ, ಖಾಲಿಯಾದದ್ದನ್ನು ಹೊರಗೆಸೆಯುವ ಉಕ್ಕಿನ ಭಾಗಕ್ಕೆ ಆಕ್ಷನ್ ಎನ್ನುತ್ತಾರೆ. ರೈಫಲ್ಲಿನ ಜೀವಾಳವೇ ಅದು. ಈ ರೈಫಲ್ಲಿನ ಆಕ್ಷನ್ ಬಂದದ್ದು ಜರ್ಮನಿಯ ಓಬರ್ನ್‌ಡಾರ್ಫ್‌ನಲ್ಲಿ ಸೈನಿಕರಿಗೆ ರಾಶಿ ರಾಶಿ ಬಂದೂಕು ಮಾಡುತ್ತಿದ್ದ ಮೌಸರ್ ಕಾರ್ಖಾನೆಯಿಂದ. ತೋಟಾ ಕೂಡ ಮೌಸರ್‌ನವರ 7×57; ಇಂಗ್ಲೆಂಡಿನಲ್ಲಿ ಅದಕ್ಕೆ .275 ಎಂದು ಹೆಸರಾಯಿತು. ಮಿಕ್ಕದ್ದೆಲ್ಲ ಲಂಡನ್ನಿನ ಕೈಗೆಲಸ.

ರಿಗ್ಬಿಯವರಿಗೆ ಕಾರ್ಖಾನೆಯ ಮಾಲು ಬಳಸಲು ಸಂಕೋಚವೇನೂ ಇರಲಿಲ್ಲ. ಡಬ್ಲಿನ್ ಮೂಲದ ಈ ಬಂದೂಕು ಮನೆತನದ ಜಾನ್ ರಿಗ್ಬಿ 1887ರಿಂದ 1894ರವರೆಗೆ ಎನ್‌ಫೀಲ್ಡ್‌ನ ಸರ್ಕಾರಿ ಬಂದೂಕು ಕಾರ್ಖಾನೆಯ ಮುಖ್ಯಸ್ಥರಾಗಿದ್ದವರು. ಬ್ರಿಟಿಷ್ ಸೇನೆಯ .303 ರೈಫಲ್ ರೂಪುಗೊಂಡದ್ದು ಅವರ ಕಾಲದಲ್ಲೇ. ಅದೇ ವಂಶದ ಲೀ-ಎನ್‌ಫೀಲ್ಡ್ ಆಕ್ಷನ್ ಮೇಲೆ ನಮ್ಮ ಇಛಾಪುರ ಕಾರ್ಖಾನೆ ಮುಂದೆ .315 ರೈಫಲ್ ಮಾಡಿತು. ಮಿಲಿಟರಿ ತೋಟಾ ಜನಸಾಮಾನ್ಯರಿಗೆ ನಿಷಿದ್ಧವಾದ ದೇಶದಲ್ಲಿ ಲೈಸೆನ್ಸ್ ಪಡೆದವರಿಗೆ ಸಿಗುತ್ತಿದ್ದ ರೈಫಲ್ ಅದು. ಹೀಗೆ ಸರ್ಕಾರಿ ಕಾರ್ಖಾನೆಯನ್ನೂ ನಡೆಸಿದ್ದರಿಂದ ಯಂತ್ರ ಎಷ್ಟು ಮಾಡಬಲ್ಲದು, ಕೈ ಎಲ್ಲಿಂದ ಶುರುವಾಗಬೇಕು ಎಂಬುದು ರಿಗ್ಬಿಯವರಿಗೆ ಎರಡೂ ಕಡೆಯಿಂದ ಗೊತ್ತಿತ್ತು.

ಕಾರ್ಖಾನೆಯ ಮಾಲೆಂದು ಮೂಗು ಮುರಿಯುವವರು ಮೌಸರ್ 98 ಆಕ್ಷನ್ನಿನ ಬೋಲ್ಟನ್ನು, ಅಂದರೆ ಹಿಂದೆ ಮುಂದೆ ಜಾರುವ ಉಕ್ಕಿನ ದಂಡವನ್ನು, ಒಮ್ಮೆ ಕೈಯಲ್ಲಿ ಹಿಡಿದು ನೋಡಬೇಕು. ಅದರ ಬಲಮಗ್ಗುಲಿಗೆ ಉದ್ದಕ್ಕೂ ಸ್ಪ್ರಿಂಗ್ ಉಕ್ಕಿನ ಒಂದು ಪಟ್ಟಿ, ಪಟ್ಟಿಯ ತುದಿಯಲ್ಲಿ ಅಗಲವಾದ ಕೊಕ್ಕೆ. ತೋಟಾ ಕೆಳಗಿನ ಪೆಟ್ಟಿಗೆಯಿಂದ ಮೇಲೇಳುವಾಗಲೇ ಅದರ ಅಂಚು ಈ ಕೊಕ್ಕೆಯ ಅಡಿಗೆ ಜಾರಿ ಕೂರುತ್ತದೆ. ಅಲ್ಲಿಂದ ಹೊರಗೆಸೆಯುವವರೆಗೂ ಕೊಕ್ಕೆ ಅದನ್ನು ಬಿಡುವುದಿಲ್ಲ. ಈಡುಗಾರ ಗಾಬರಿಯಲ್ಲಿ ಬೋಲ್ಟನ್ನು ಅರ್ಧ ತಳ್ಳಿ ಹಿಂದಕ್ಕೆಳೆದರೂ ಆ ತೋಟಾ ಬೋಲ್ಟಿನ ಜೊತೆಗೇ ವಾಪಸು ಬರುತ್ತದೆ. ಕೊಕ್ಕೆಯ ಹಿಡಿತವಿಲ್ಲದ ಬಗೆಯಲ್ಲಿ ಮೊದಲನೆಯದು ನಳಿಗೆಯ ಬಾಯಲ್ಲೇ ಉಳಿದು, ಎರಡನೆಯದು ಅದರ ಬೆನ್ನಿಗೆ ತಗುಲಿ ಎರಡೂ ಸಿಕ್ಕಿಬೀಳಬಹುದು. ಗಾಯಗೊಂಡ ಪ್ರಾಣಿ ಪೊದೆಯಿಂದ ನುಗ್ಗಿ ಬರುವಾಗ ಇದು ಸಣ್ಣ ಮಾತಲ್ಲ. ಸೈನಿಕನಿಗೆಂದು ಕಾರ್ಖಾನೆಯೊಂದು ಹುಡುಕಿಕೊಂಡ ಈ ಉಪಾಯವನ್ನು ಮೀರಿಸುವುದು ಯಾವ ಕುಶಲಕರ್ಮಿಗೂ ಸುಲಭವಾಗಲಿಲ್ಲ. ಆದ್ದರಿಂದಲೇ ಇಂಗ್ಲೆಂಡಿನ, ಅಮೆರಿಕದ ಹೆಸರುವಾಸಿ ಗನ್‌ಸ್ಮಿತ್‌ಗಳು ಅದನ್ನೇ ತರಿಸಿಕೊಂಡು ತಮ್ಮ ಕೆಲಸ ಅದರ ಮೇಲೆ ಮಾಡಿದರು.

ಆ ಕೆಲಸ ಎಂಥದು? ಹಿಡಿಗೆ ಉಕ್ಕು ಕೂರಿಸುವುದನ್ನೇ ನೋಡಿ. ವರ್ಷಗಟ್ಟಲೆ ಒಣಗಿಸಿದ ಅಕ್ರೋಟು ಮರದ ದಿಮ್ಮಿಯಲ್ಲಿ ಮೊದಲು ಒರಟಾಗಿ ಹಳ್ಳ ತೋಡುತ್ತಾರೆ. ಆಮೇಲೆ ಆಕ್ಷನ್ನಿನ ತಳಕ್ಕೆ ಎಣ್ಣೆದೀಪದ ಮಸಿ ಬಳಿದು ಆ ಹಳ್ಳಕ್ಕೆ ಒತ್ತಿ ತೆಗೆಯುತ್ತಾರೆ. ಉಕ್ಕು ತಾಗಿದ ಕಡೆಯಲ್ಲೆಲ್ಲ ಮರದ ಮೇಲೆ ಕಪ್ಪು ಚುಕ್ಕೆ. ಚುಕ್ಕೆಯಿದ್ದಷ್ಟನ್ನು ಮಾತ್ರ ಉಳಿಯಿಂದ ಹೆರೆಯಬೇಕು. ಮತ್ತೆ ಮಸಿ, ಮತ್ತೆ ಒತ್ತು, ಮತ್ತೆ ಹೆರೆ. ಹಳ್ಳದ ತಳವೆಲ್ಲ ಒಂದೇ ಸಮನೆ ಕಪ್ಪಾಗುವವರೆಗೆ ಇದು ನಡೆಯುತ್ತದೆ. ಒಂದು ಸಲ ಹೆಚ್ಚು ಹೆರೆದರೆ ಅಲ್ಲಿ ಸಂದು ಉಳಿಯುತ್ತದೆ. ಈಡು ಹಾರಿದಾಗಲೆಲ್ಲ ಉಕ್ಕು ಅಷ್ಟು ಕದಲಿ, ಗುರಿಯೂ ಕದಲುತ್ತದೆ. ಹೀಗೆ ಕೂರಿಸಿದ ರೈಫಲ್ಲಿನಲ್ಲಿ ಮರಕ್ಕೂ ಉಕ್ಕಿಗೂ ನಡುವೆ ಕಾಗದದ ಚೂರು ತೂರಿಸಲೂ ಜಾಗವಿರುವುದಿಲ್ಲ. ಹಿಡಿಯ ಉದ್ದ, ಕೆನ್ನೆಗೆ ತಾಗುವ ಎತ್ತರ, ಎಡಬಲದ ವಾಲು ಎಲ್ಲ ಕೊಳ್ಳುವವರ ಮೈಯಳತೆಗೆ ತಕ್ಕಂತೆ. ಭುಜಕ್ಕೆತ್ತಿದ ಕ್ಷಣವೇ ಕಣ್ಣು ತಾನಾಗಿ ಗುರಿಯ ಸಾಲಿಗೆ ಬರಬೇಕು. ನಳಿಗೆಗೆ ಬಣ್ಣ ಕೊಡುವುದು ಬೇರೆಯೇ ಕಸುಬು. ಬೇಕೆಂದೇ ತುಕ್ಕು ಹಿಡಿಸಿ, ಕುದಿಸಿ, ಉಜ್ಜಿ ತೆಗೆದು, ಹಲವು ಸುತ್ತಿನ ನಂತರ ಆಳವಾದ ಕಪ್ಪು ಬರುತ್ತದೆ.

ಕಾರ್ಖಾನೆಗಳ ಗುಣಮಟ್ಟ ಕುಸಿದದ್ದಕ್ಕೆ ಯಂತ್ರ ಕಾರಣ ಎನ್ನುವವರಿದ್ದಾರೆ. ನಾನು ಒಪ್ಪುವುದಿಲ್ಲ. ಅಮೆರಿಕದ ವಿಂಚೆಸ್ಟರ್ ಕಂಪನಿ 1936ರಲ್ಲಿ ಮಾಡೆಲ್ 70 ಎಂಬ ರೈಫಲ್ ತಂದಿತು. ಮೌಸರ್ ಬಗೆಯ ಕೊಕ್ಕೆ, ಹಿಡಿ ಜಾರದಂತೆ ಮರದ ಮೇಲೆ ಕೈಯಲ್ಲಿ ಕೊರೆದ ಚೌಕುಳಿ, ನಯವಾದ ಬೋಲ್ಟ್. ಕಾರ್ಖಾನೆಯಲ್ಲೇ ಕುಶಲ ಕೈಗಳಿದ್ದ ಕಾಲ ಅದು. ಯುದ್ಧಾನಂತರ ಕೂಲಿ ಏರಿತು, ಎದುರಾಳಿಗಳು ಅಗ್ಗವಾಗಿ ಮಾರತೊಡಗಿದರು. 1964ರಲ್ಲಿ ವಿಂಚೆಸ್ಟರ್ ಖರ್ಚು ಇಳಿಸಲು ಹೊರಟು ಕೊಕ್ಕೆ ತೆಗೆದುಹಾಕಿತು, ಚೌಕುಳಿ ಕೊರೆಯುವ ಬದಲು ಅಚ್ಚಿನಿಂದ ಮರದ ಮೇಲೆ ಒತ್ತಿತು. ಕೊಳ್ಳುವವರು ಒಂದೇ ನೋಟಕ್ಕೆ ವ್ಯತ್ಯಾಸ ಗುರುತಿಸಿದರು. 1964ಕ್ಕೆ ಮೊದಲಿನ ಮಾಡೆಲ್ 70ಕ್ಕೆ ಹಳೆಯದಾದಂತೆಲ್ಲ ಬೆಲೆ ಏರಿತು. 1990ರ ದಶಕದಲ್ಲಿ ಕಂಪನಿ ಆ ಕೊಕ್ಕೆಯನ್ನು ಮತ್ತೆ ತರಬೇಕಾಯಿತು. ಅಂದರೆ ಕೆಡಿಸಿದ್ದು ಲೇತ್ ಅಲ್ಲ, ಲೆಕ್ಕದ ಪುಸ್ತಕ.

ಕನ್ನಡಿಗರಿಗೆ ಪೂರ್ಣಚಂದ್ರ ತೇಜಸ್ವಿಯವರ ‘ಕಾಡಿನ ಕತೆಗಳು’ ಮೂಲಕ ಮನೆಮಾತಾದ ಬೆಂಗಳೂರಿನ ಕೆನೆತ್ ಆ್ಯಂಡರ್ಸನ್ ನೆಚ್ಚಿಕೊಂಡಿದ್ದದ್ದೂ ವಿಂಚೆಸ್ಟರನ್ನೇ. ಅವರ .405, ಜಾನ್ ಬ್ರೌನಿಂಗ್ ರೂಪಿಸಿದ 1895ರ ಮಾದರಿಯದು. ಅಂಗಡಿಯಲ್ಲಿ ಕೊಳ್ಳುವ ಕಾರ್ಖಾನೆ ಮಾಲು. ಹಿಡಿಯ ಕೆಳಗಿನ ಲಿವರ್ ಎಳೆದು ತೋಟಾ ತುಂಬುವ ಆ ರೈಫಲ್ ಹಿಡಿದೇ ಅವರು ನಮ್ಮ ಕಾಡುಗಳಲ್ಲಿ ನರಭಕ್ಷಕಗಳ ಹಿಂದೆ ಅಲೆದದ್ದು. ಕಾಡು ಬಲ್ಲವನ ಕೈಗೆ ಅಷ್ಟು ಸಾಕಾಗಿತ್ತು.

ಈಗಿನ ಮಾತು ಬೇರೆ. ನಳಿಗೆಯೊಳಗೆ ಸುರುಳಿ ಗೀರು ಹಾಕುವುದು ಒಂದು ಕಾಲಕ್ಕೆ ಒಂದೊಂದೇ ಗೀರನ್ನು ಸವೆಸುತ್ತ ಕೂರುವ ತಾಳ್ಮೆಯ ಕೆಲಸವಾಗಿತ್ತು. ಈಗ ಗಟ್ಟಿ ಲೋಹದ ಅಚ್ಚಿನ ಮೇಲೆ ನಳಿಗೆಯನ್ನಿಟ್ಟು ಹೊರಗಿನಿಂದ ಸುತ್ತಿಗೆ ಯಂತ್ರಗಳು ಬಡಿದರೆ ಕೆಲವೇ ನಿಮಿಷಗಳಲ್ಲಿ ಗೀರು ಮೂಡಿರುತ್ತದೆ. ಕಂಪ್ಯೂಟರ್ ನಡೆಸುವ ಲೇತುಗಳು ಕೂದಲೆಳೆಯ ತಪ್ಪಿಗೂ ಜಾಗ ಕೊಡುವುದಿಲ್ಲ. ಅಮೆರಿಕದ ಸ್ಯಾವೇಜ್, ಫಿನ್ಲೆಂಡಿನ ಟಿಕ್ಕಾ ರೈಫಲ್‌ಗಳು ಸಾಧಾರಣ ಬೆಲೆಗೇ ನೂರು ಗಜದಲ್ಲಿ ಮೂರು ಈಡನ್ನು ಒಂದು ಇಂಚಿನ ಅಗಲದೊಳಗೆ ಕೂರಿಸುತ್ತವೆ. ಹಿಂದೆ ಗನ್‌ಸ್ಮಿತ್ ಹೆಮ್ಮೆಪಡುತ್ತಿದ್ದ ಅಳತೆ ಅದು. ಬರೀ ಗುರಿಯೇ ಬೇಕೆನ್ನುವವರು ಇಂದು ಕಸ್ಟಮ್ ರೈಫಲ್ಲಿಗೆ ಹಣ ಸುರಿಯಬೇಕಾಗಿಲ್ಲ ಎಂದು ಧೈರ್ಯವಾಗಿ ಹೇಳಬಹುದು.

ಹಾಗೆಂದು ಗನ್‌ಸ್ಮಿತ್‌ಗೆ ಕೆಲಸ ತಪ್ಪಿಲ್ಲ. ಬೋಲ್ಟನ್ನು ಬಿಗಿಹಿಡಿಯುವ ಎರಡು ಚಾಚುಗಳಲ್ಲಿ ಒಂದೇ ತಾಗಿ ಇನ್ನೊಂದು ತಾಗದಿರುವುದು, ತೋಟಾ ಕೂರುವ ಗೂಡು ನಳಿಗೆಯ ನೇರಕ್ಕಿಂತ ಎಳೆಯಷ್ಟು ಓರೆಯಾಗಿರುವುದು, ಟ್ರಿಗರ್ ಭಾರವಾಗಿರುವುದು ಇವೆಲ್ಲ ಕಾರ್ಖಾನೆ ರೈಫಲ್ಲಿನಲ್ಲಿ ಇನ್ನೂ ಸಿಗುತ್ತವೆ. ಮರದ ಹಿಡಿಯಾದರೆ ಮಳೆಯ ಚಿಂತೆಯೂ ಇದೆ. ಕೊಡಗು-ಮಲೆನಾಡಿನಂಥ ಕಡೆ ಮಳೆಗಾಲದಲ್ಲಿ ಮರ ಉಬ್ಬಿ ನಳಿಗೆಗೆ ತಾಗಿದರೆ ಬೇಸಿಗೆಯಲ್ಲಿ ಸರಿಮಾಡಿದ ಗುರಿ ಪಕ್ಕಕ್ಕೆ ಹೋಗುತ್ತದೆ. ಗನ್‌ಸ್ಮಿತ್ ನಳಿಗೆಯ ಸುತ್ತ ಮರ ಸವೆಸಿ, ಆಕ್ಷನ್ನಿನ ಅಡಿಗೆ ಎಪಾಕ್ಸಿ ಅಂಟಿನ ಹಾಸಿಗೆ ಹಾಕಿ ಇದನ್ನು ಸರಿಪಡಿಸುತ್ತಾನೆ. ಅಮೆರಿಕದ ಬೇಟೆ ಲೇಖಕ ಜ್ಯಾಕ್ ಓಕಾನರ್ ಕೊಂಡದ್ದು ವಿಂಚೆಸ್ಟರ್ ಮಾಡೆಲ್ 70, .270 ತೋಟಾದ್ದು. ಅದಕ್ಕೆ ಹಿಡಿ ಮಾಡಿಸಿದ್ದು ಸ್ಪೋಕೇನ್ ಊರಿನ ಆಲ್ ಬೀಸನ್ ಕೈಯಲ್ಲಿ. ಈ ದಾರಿಯೇ ಸರಿಯೆಂದು ನನಗೆ ತೋರುತ್ತದೆ.

ಕಾರ್ಖಾನೆ ಇವತ್ತಿಗೂ ಹತ್ತಿರ ಸುಳಿಯಲಾಗದ ಒಂದು ಕೆಲಸ ಉಳಿದಿದೆ: ಬ್ರಿಟಿಷ್ ಮಾದರಿಯ ಜೋಡಿ ನಳಿಗೆ ರೈಫಲ್. ಹಾಲೆಂಡ್ ಅಂಡ್ ಹಾಲೆಂಡ್, ವೆಸ್ಟ್ಲಿ ರಿಚರ್ಡ್ಸ್‌ನಂಥ ಮನೆಗಳು ನಮ್ಮ ರಾಜಮಹಾರಾಜರಿಗೆ ಮಾಡಿಕೊಟ್ಟದ್ದು ಇದನ್ನೇ. ಎರಡು ನಳಿಗೆಗಳನ್ನು ಸಮಾನಾಂತರವಾಗಿ ಜೋಡಿಸಿದರೆ ಕೆಲಸ ಕೆಟ್ಟಿತು. ಈಡು ಹಾರುವಾಗ ಬಲ ನಳಿಗೆ ಬಲಕ್ಕೂ ಎಡ ನಳಿಗೆ ಎಡಕ್ಕೂ ಜಗ್ಗುತ್ತದೆ. ಆದ್ದರಿಂದ ಅವು ತುದಿಯಲ್ಲಿ ಒಂದಕ್ಕೊಂದು ಸ್ವಲ್ಪ ವಾಲಿರಬೇಕು. ಎಷ್ಟು ವಾಲಬೇಕೆಂಬುದು ಗುಂಡಿನ ತೂಕ, ಮದ್ದು, ರೈಫಲ್ಲಿನ ಭಾರ ಎಲ್ಲಕ್ಕೂ ಸೇರಿದ ಲೆಕ್ಕ. ಹೊಡೆದು ನೋಡದೆ ತಿಳಿಯುವುದಿಲ್ಲ. ನುರಿತವನು ಎರಡೂ ನಳಿಗೆಯಿಂದ ಹೊಡೆಯುತ್ತಾನೆ, ಹಲಗೆಯ ಮೇಲಿನ ತೂತು ನೋಡುತ್ತಾನೆ, ತುದಿಯ ಬೆಸುಗೆ ಕಾಯಿಸಿ ಕರಗಿಸಿ ನಡುವಿನ ಬೆಣೆಯನ್ನು ತುಸು ಸರಿಸುತ್ತಾನೆ, ತಣಿಸಿ ಮತ್ತೆ ಹೊಡೆಯುತ್ತಾನೆ. ಎರಡೂ ಗುಂಡು ಒಂದೇ ಕಡೆ ಸೇರುವ ತನಕ ಬಿಡುವುದಿಲ್ಲ. ಇಷ್ಟೆಲ್ಲ ಶ್ರಮ ಒಂದೇ ಬಗೆಯ ತೋಟಾಕ್ಕೆ ಮಾತ್ರ. ಗುಂಡಿನ ತೂಕ ಬದಲಾದರೆ ಎಡಬಲದ ಈಡುಗಳು ಮತ್ತೆ ದೂರವಾಗುತ್ತವೆ. ಹಳೆಯ ಜೋಡಿ ನಳಿಗೆಗಳ ಮೇಲೆ ಮದ್ದಿನ ಅಳತೆಯನ್ನೂ ಗುಂಡಿನ ತೂಕವನ್ನೂ ಕೆತ್ತಿಟ್ಟಿರುವುದು ಅದಕ್ಕೇ. ಹರಾಜಿನಲ್ಲಿ ಅಂಥದೊಂದನ್ನು ಕೊಳ್ಳುವವರು ಹೂಬಳ್ಳಿಯ ಕೆತ್ತನೆಗೆ ಮರುಳಾಗುವ ಮೊದಲು ಆ ಅಂಕಿಗಳನ್ನು ಓದಿಕೊಂಡು, ಅದೇ ತೋಟಾ ಈಗಲೂ ಸಿಗುತ್ತದೆಯೇ ಎಂದು ವಿಚಾರಿಸಬೇಕು.